ಬಸವಪ್ಪನಿಗೆ ಓಟಿಲ್ಲ ಅಂದ ದೊಡ್ಡಮ್ಮ

ಇವತ್ತು ಬೆಳಿಗ್ಗೆ ಶಾಲೆಯ ಗೇಟು ದಾಟುತ್ತಿದ್ದಂತೆ ಒದ್ದೆ ಕಂಬಳಿಯ ವಾಸನೆ ಮೂಗಿಗೆ ಬಡಿಯಿತು. ಗಣರಾಜ್ಯೋತ್ಸವ ಅಂತ ಎಲ್ಲರಿಗಿಂತ ಮೊದಲೇ ಬಂದಿದ್ದ ನಮ್ಮ ವಾಚ್‌ಮನ್, ಕನಕಪುರದ ಮಂಜಿನಲ್ಲಿ ನೆನೆದ ಕರಿ ಕಂಬಳಿಯನ್ನು ಹೊದ್ದುಕೊಂಡೇ ಬಾವುಟದ ಹಗ್ಗ ಸರಿಮಾಡುತ್ತಿದ್ದ. ಉಣ್ಣೆ, ಒಲೆಯ ಹೊಗೆ, ಒಂದಿಷ್ಟು ಕುರಿ ಹಿಕ್ಕೆ... ಅಷ್ಟು ಸಾಕಾಯಿತು ನನಗೆ. ಮಕ್ಕಳು ಸಂವಿಧಾನದ ಪೀಠಿಕೆ ಓದುವಾಗ ಅವರ ಜೊತೆ ನನ್ನ ಬಾಯೂ ಆಡುತ್ತಿತ್ತು. ಟೀಚರಮ್ಮನ ಬಾಯಿ, ಅಭ್ಯಾಸವಾಗಿಬಿಟ್ಟಿದೆ. ಮನಸ್ಸು ಮಾತ್ರ ಸಾತನೂರು ಕಡೆಯ ನಮ್ಮೂರಿಗೆ ಹೋಗಿ, ಎದುರು ಮನೆ ದೊಡ್ಡಮ್ಮನ ಜಗಲಿ ಮೇಲೆ ಕೂತುಬಿಟ್ಟಿತ್ತು.

ದೊಡ್ಡಮ್ಮ ಅಂದರೆ ನಮಗೆ ನೆಂಟಳೇನಲ್ಲ. ನಾವು ಹೊಲ ಉಳುವವರು, ಅವರು ಕುರಿ ಸಾಕುವವರು. ಬೀದಿಯ ಈ ಕಡೆ ನಾವು, ಆ ಕಡೆ ಅವರು. ಗಂಡ ತೀರಿಹೋದ ಮೇಲೆ ಮಂದೆಯನ್ನು ತಾನೇ ಹೊಡೆದುಕೊಂಡು ಹೋಗುತ್ತಿದ್ದಳು. ಸುಗ್ಗಿ ಮುಗಿದ ಮೇಲೆ ರೈತರು ಅವಳನ್ನು ಕರೆದು ಹೊಲದಲ್ಲಿ ಮಂದೆ ನಿಲ್ಲಿಸಿಕೊಳ್ಳುತ್ತಿದ್ದರು. ಕುರಿಗಳು ಅಲ್ಲಿ ಮಲಗಿ ಎದ್ದರೆ ಹೊಲಕ್ಕೆ ಗೊಬ್ಬರ, ಅದಕ್ಕೆ ಬದಲು ಅವಳಿಗೆ ರಾಗಿ. ಅವಳ ವರ್ಷದ ಮುದ್ದೆ ಬರುತ್ತಿದ್ದದ್ದು ಹಾಗೆ.

ಬಾಯಿ ಮಾತ್ರ ಕೇಳಲೇಬೇಡಿ. ನಾನು ಕನಕಪುರದ ಕಾಲೇಜಿಗೆ ಹೋಗುತ್ತಿದ್ದ ದಿನಗಳವು. ಬಸ್ಸು ತಪ್ಪಿಸಿಕೊಂಡು ಮುಖ ಊದಿಸಿಕೊಂಡು ವಾಪಸ್ಸು ಬಂದರೆ, "ಏನವ್ವ ಕಾಲೇಜು, ಬಸ್ಸು ಬುಟ್ಟೋಯ್ತಾ? ಬಾ, ಟಗರ್ ಮ್ಯಾಲ್ ಕೂರ್ಸಿ ಕಳುಸ್ತೀನಿ" ಅನ್ನುತ್ತಿದ್ದಳು. ಇಡೀ ಬೀದಿ ನಗುತ್ತಿತ್ತು. ನನಗೆ ಉರಿದುಹೋಗುತ್ತಿತ್ತು, ಆದರೂ ಮಧ್ಯಾಹ್ನ ಅವಳ ಜಗಲಿಗೇ ಹೋಗಿ ಕೂರುತ್ತಿದ್ದೆ.

ಜನವರಿ ಇಪ್ಪತ್ತಾರು ಬಂದರೆ ಊರಿನ ಶಾಲೆ ಮುಂದೆ ಬಾವುಟ ಹಾರಿಸುತ್ತಿದ್ದರು. ಮೇಷ್ಟ್ರು ಪ್ರತಿ ವರ್ಷ ಅದೇ ಭಾಷಣ ಮಾಡುತ್ತಿದ್ದರು. ಈ ದೇಶದಲ್ಲಿ ಎಲ್ಲರೂ ಸಮಾನರು, ಯಾರು ಬೇಕಾದರೂ ಓಟು ಹಾಕಬಹುದು, ಯಾರು ಬೇಕಾದರೂ ಚುನಾವಣೆಗೆ ನಿಲ್ಲಬಹುದು, ಯಾರಿಗೆ ಓಟು ಹಾಕಿದೆ ಅಂತ ಕೇಳುವ ಹಕ್ಕು ಯಾರಿಗೂ ಇಲ್ಲ... ಕೇಳುತ್ತಿದ್ದವರು ಯಾರು? ಮಕ್ಕಳ ಕಣ್ಣೆಲ್ಲ ಬೂಂದಿ ಪೊಟ್ಟಣದ ಮೇಲೆ. ದೊಡ್ಡವರಿಗೆ ಬೇಗ ಮುಗಿದರೆ ರೇಷ್ಮೆ ಹುಳಕ್ಕೆ ಸೊಪ್ಪು ಹಾಕಬೇಕು ಅನ್ನುವ ಅವಸರ. ಕಾಂಪೌಂಡಿನ ಆಚೆ ಕಂಬಳಿ ಹೊದ್ದು, ಕೋಲಿಗೆ ಗಲ್ಲ ಆನಿಸಿ, ಮಂದೆ ನಿಲ್ಲಿಸಿಕೊಂಡು ನಿಂತ ದೊಡ್ಡಮ್ಮ ಒಬ್ಬಳೇ ಅದನ್ನೆಲ್ಲ ಕಿವಿಗೊಟ್ಟು ಕೇಳುತ್ತಿದ್ದಳು ಅಂತ ಕಾಣುತ್ತೆ. ಕೇಳಿದ್ದನ್ನು ನಿಜ ಅಂತಲೇ ನಂಬಿಕೊಂಡಳು. ಅಲ್ಲೇ ಎಡವಟ್ಟಾದದ್ದು.

ನಾನು ಕಾಲೇಜಿಗೆ ಹೋಗುತ್ತಿದ್ದಾಗ ಒಂದು ಬೇಸಿಗೆಯಲ್ಲಿ ಊರ ಹಿಂದಿನ ಗೋಮಾಳಕ್ಕೆ ಬೇಲಿ ಬಿತ್ತು. ಹಾಕಿಸಿದ್ದು ಊರ ಯಜಮಾನರ ಕಡೆಯವರೇ. ಕುರಿ ಮೇಯಿಸಲು ಇದ್ದದ್ದು ಅದೊಂದೇ ಜಾಗ. ದೊಡ್ಡಮ್ಮ ಪಂಚಾಯ್ತಿ ಆಫೀಸಿಗೆ ಹೋಗಿ ಕೇಳಿದಳು. "ಕೇಳಕ್ಕೆ ನೀನ್ಯಾರಮ್ಮಿ, ಮೆಂಬರಾ?" ಅಂತ ಅಲ್ಲಿದ್ದವನೊಬ್ಬ ನಕ್ಕನಂತೆ. ವಾಪಸ್ಸು ಬಂದವಳೇ ನಮ್ಮವ್ವನ ಮುಂದೆ ಕೂತು, "ಮೆಂಬರ್ರಾದ್ರೆ ಕೇಳ್ಬೋದಂತೆ ಕಣವ್ವ. ಅಂಗಾದ್ರೆ ಆಗೇಬುಡಾನ" ಅಂದಳು. ಅವ್ವ ನಕ್ಕಳು. ನಾನೂ ನಕ್ಕೆ.

ಪಂಚಾಯ್ತಿ ಚುನಾವಣೆ ಬಂತು. ನಮ್ಮೂರ ಸ್ಥಾನ ಆ ಸಲ ಹೆಂಗಸರಿಗೆ ಅಂತಾಯಿತು. ಆದರೆ ನಮ್ಮೂರಲ್ಲಿ ಚುನಾವಣೆ ಅಂತ ನಡೆದೇ ಇರಲಿಲ್ಲ. ನಮ್ಮ ಪದ್ಧತಿಯೇ ಬೇರೆ. ದೇವರಿಗೆ ಬಿಟ್ಟ ಬಸವ ನಮ್ಮೂರಲ್ಲಿತ್ತು. ಮೈಮೇಲೆ ಜರಿ ಹೊದಿಕೆ, ಕೊರಳಲ್ಲಿ ಗಂಟೆ. ಈ ಸೀಮೆಯಲ್ಲಿ ಕೊಳವೆ ಬಾವಿ ಎಲ್ಲಿ ಕೊರೆಯಬೇಕು, ಹೆಣ್ಣು ಕೊಡಬಹುದಾ ಬೇಡವಾ ಎಲ್ಲ ಬಸವಪ್ಪನನ್ನೇ ಕೇಳುವುದು. ಅಂಗೈ ಒಡ್ಡಿ ಕೂತವರ ಕೈ ಮೇಲೆ ಮುಂಗಾಲಿಟ್ಟರೆ ಪಾದ ಕೊಟ್ಟ ಅಂತ, ಒಪ್ಪಿಗೆ ಅಂತ. ತಿರುಗಿ ಹೋದರೆ ಇಲ್ಲ ಅಂತ. ನಮ್ಮೂರವರು ಮೆಂಬರನ್ನೂ ಹಾಗೇ ಆರಿಸುತ್ತಿದ್ದರು. ಪಾದ ಸಿಕ್ಕವರು ಒಬ್ಬರೇ ಅರ್ಜಿ ಹಾಕುವುದು, ಅವಿರೋಧ ಆಯ್ಕೆ, ಜಗಳವಿಲ್ಲ, ತಂಟೆಯಿಲ್ಲ. ಅಕ್ಕಪಕ್ಕದ ಊರಿನವರು ಹೊಡೆದಾಡಿಕೊಳ್ಳುವುದನ್ನು ಕಂಡು ನಾವೆಲ್ಲ ಹೆಮ್ಮೆಪಡುತ್ತಿದ್ದೆವು, ಅದೂ ನಿಜ.

ಆ ಸಲ ಬಸವಪ್ಪ ಪಾದ ಕೊಟ್ಟದ್ದು ಯಜಮಾನರ ತಮ್ಮನ ಹೆಂಡತಿಗೆ. ಅಂಗೈ ಒಡ್ಡಿ ಕೂತಿದ್ದವಳು ಅವಳೊಬ್ಬಳೇ, ಬೇರೆ ಯಾರಿಗೆ ಕೊಟ್ಟಾನು ಪಾಪ? ಮಂಗಳಾರತಿ ಆಯಿತು, ಹಣ್ಣುಕಾಯಿ ಹಂಚಿದರು. ಮಾರನೆಯ ದಿನ ದೊಡ್ಡಮ್ಮ ಬಸ್ಸು ಹತ್ತಿ ಹೋಗಿ ತಾನೂ ಅರ್ಜಿ ಹಾಕಿ ಬಂದುಬಿಟ್ಟಳು.

ಊರು ಹತ್ತಿ ಉರಿಯಿತು. ದೇವಸ್ಥಾನದ ಮುಂದೆ ಅವಳನ್ನು ಕರೆಸಿದರು. ಹೆಂಗಸರೆಲ್ಲ ಮರೆಯಲ್ಲಿ ನಿಂತು ನೋಡುತ್ತಿದ್ದೆವು. "ಬಸವಪ್ಪನ ಪಾದಕ್ಕಿಂತ ದೊಡ್ಡೋಳಾ ನೀನು?" ಅಂತ ಯಜಮಾನರು ಗುಡುಗಿದರು. ದೊಡ್ಡಮ್ಮ ಸೆರಗು ಹೊದ್ದು, ಬಸವಪ್ಪನ ಕಡೆ ತಿರುಗಿ ಕೈ ಮುಗಿದಳು. ಆಮೇಲೆ ಹೇಳಿದಳು, "ಬಸವಪ್ಪಂಗೆ ನಾನೂ ಅಡ್ಡಬೀಳ್ತೀನಿ ಯಜಮಾನ್ರೇ. ಆದ್ರೆ ಬಸವಪ್ಪಂಗೆ ಓಟಿಲ್ಲ. ನಂಗೈತೆ. ಬೇಕಾದ್ರೆ ಮೇಷ್ಟ್ರನ್ನ ಕೇಳಿ."

ಎಲ್ಲರೂ ಮೇಷ್ಟ್ರ ಕಡೆ ನೋಡಿದರು. ಮೇಷ್ಟ್ರು ತಲೆ ತಗ್ಗಿಸಿ ಚಪ್ಪಲಿ ಹುಡುಕಿಕೊಂಡು ಮೆಲ್ಲಗೆ ಹೊರಟರು. ಅವರಿದ್ದ ಬಾಡಿಗೆ ಮನೆ ಯಜಮಾನರದ್ದೇ, ಅವರಾದರೂ ಏನು ಮಾಡಿಯಾರು ಅಂತ ಈಗ ಅನಿಸುತ್ತದೆ. ಅವತ್ತು ಮಾತ್ರ ನನಗೆ ಕೆನ್ನೆಗೆ ಹೊಡೆದ ಹಾಗಾಗಿತ್ತು.

ಮಾರನೆಯ ದಿನದಿಂದ ಅವಳ ಮಂದೆಯನ್ನು ಯಾರೂ ಹೊಲಕ್ಕೆ ಕರೆಯಲಿಲ್ಲ. ಬಾಯಿಬಿಟ್ಟು ಬೇಡ ಅಂದವರೂ ಇಲ್ಲ. "ಈ ವರ್ಸ ಸರ್ಕಾರಿ ಗೊಬ್ರ ತಂದ್ಬುಟ್ಟಿವ್ನಿ", "ಮುಂದಿನ್ ವಾರ ನೋಡಾನ", ಹೀಗೇ ಜಾರಿಕೊಂಡರು. ನಮ್ಮಪ್ಪನೂ ಅಷ್ಟೇ. ಅವಳು ನಮ್ಮ ಜಗಲಿಗೆ ಬರುವುದು ನಿಂತಿತು. ಅವ್ವ ಮಾತ್ರ ಅಪ್ಪ ಸೊಪ್ಪಿಗೆ ಹೋದಾಗ ಸೆರಗಿನಲ್ಲಿ ರಾಗಿಹಿಟ್ಟು ಮುಚ್ಚಿಕೊಂಡು ಬೀದಿ ದಾಟುತ್ತಿದ್ದಳು. ನಾನು ನೋಡಿಯೂ ನೋಡದ ಹಾಗೆ ಪುಸ್ತಕ ಹಿಡಿದು ಕೂರುತ್ತಿದ್ದೆ.

ದೊಡ್ಡಮ್ಮ ಅರ್ಜಿ ವಾಪಸ್ಸು ತೆಗೆಯಲಿಲ್ಲ. ಅವಳಿಗೆ ಸಿಕ್ಕ ಗುರುತು ಸೀಲಿಂಗ್ ಫ್ಯಾನು. ಅವಳ ಮನೆಗೆ ಕರೆಂಟೇ ಇರಲಿಲ್ಲ! ಮನೆ ಮನೆ ಬಾಗಿಲಿಗೆ ಹೋಗಿ, "ನಮ್ ಮನೇಲ್ ತಿರುಗಲ್ಲ, ನೀವಾದ್ರೂ ಒಸಿ ತಿರುಗಿಸ್ರವ್ವಾ" ಅನ್ನುತ್ತಿದ್ದಳು. ಬಾಗಿಲಲ್ಲಿ ಯಾರೂ ನಗುತ್ತಿರಲಿಲ್ಲ. ಒಳಗೆ ಹೋಗಿ ನಗುತ್ತಿದ್ದರು.

ಹೀಗೆ ನಮ್ಮೂರಲ್ಲಿ ಮೊದಲ ಬಾರಿಗೆ ಓಟು ನಡೆಯಿತು. ಅವ್ವ ಮದುವೆಗೆ ಹೊರಟವಳ ಹಾಗೆ ಸೀರೆ ಉಟ್ಟು ಹೋಗಿದ್ದಳು. ನನಗಿನ್ನೂ ಓಟಿನ ವಯಸ್ಸಾಗಿರಲಿಲ್ಲ. ಎಣಿಕೆಯಾದಾಗ ಗೆದ್ದದ್ದು ಯಜಮಾನರ ಕಡೆಯವಳೇ. ಆದರೆ ದೊಡ್ಡಮ್ಮನಿಗೆ ಬಿದ್ದ ಓಟು ಕಂಡು ಊರು ಬೆಚ್ಚಿತು. ಕುರಿ ಸಾಕುವ ಮನೆಗಳನ್ನೆಲ್ಲ ಸೇರಿಸಿದರೂ ಅಷ್ಟು ಓಟು ಆಗುತ್ತಿರಲಿಲ್ಲ. ಹಾಗಾದರೆ ಉಳಿದವರು ಯಾರು? ಗೆದ್ದವರ ಮನೆಯಲ್ಲಿ ಪಟಾಕಿ ಹೊಡೆಯುವುದನ್ನೂ ಬಿಟ್ಟು ಅದನ್ನೇ ಮಾತಾಡಿದರು. ಮಗ್ಗುಲಲ್ಲಿ ಕೂತವರನ್ನೇ ಜನ ಅನುಮಾನದಿಂದ ನೋಡತೊಡಗಿದರು.

ಡಂಗುರ ಸಾರಿಸಿದರು. ಸೋಮವಾರ ಬೆಳಿಗ್ಗೆ ದೇವಸ್ಥಾನದ ಮುಂದೆ ಪ್ರತಿ ಮನೆಯ ಗಂಡ ಹೆಂಡತಿ ಬಂದು, ಬಸವಪ್ಪನ ಮುಂದೆ ಅಂಗೈ ಒಡ್ಡಿ ಕೂತು, ಅವಳಿಗೆ ಓಟು ಹಾಕಿಲ್ಲ ಅಂತ ಹೇಳಬೇಕು. ಬಸವಪ್ಪ ಪಾದ ಕೊಟ್ಟರೆ ಸರಿ. ತಿರುಗಿ ಹೋದರೆ ಅವರ ಮನೆಗೂ ದೊಡ್ಡಮ್ಮನಿಗಾದ ಗತಿಯೇ.

ಭಾನುವಾರ ಅವ್ವ ಮುದ್ದೆ ಮುಟ್ಟಲಿಲ್ಲ. "ನಿಂಗೇನಾಯ್ತು, ನೀನೇನ್ ಮಾಡಿದ್ದೀಯೆ ಅಂತ ಹೆದರ್ತೀಯೆ?" ಅಂತ ಅಪ್ಪ ಕೇಳಿದ. ಅವಳು ಒಲೆ ಮುಂದಿನ ಬೂದಿ ಬಳಿಯುತ್ತ ಕೂತಳು. ನನಗೆ ಆಗ ಭಯವಾಯಿತು. ಬಸವಪ್ಪನ ಮುಂದೆ ಸುಳ್ಳು ಹೇಳುವ ಹೆಂಗಸಲ್ಲ ನಮ್ಮವ್ವ. ನಿಜ ಹೇಳಿದರೆ ಅಪ್ಪನ ಮುಂದೆ, ಊರ ಮುಂದೆ ಅವಳ ಗತಿ ಏನು?

ಸೋಮವಾರ ಒಂದೊಂದೇ ಮನೆಯವರು ಕೂತು ಎದ್ದರು. ಬಸವಪ್ಪ ಕೆಲವರಿಗೆ ಕೊಟ್ಟಿತು, ಕೆಲವರ ಮುಂದೆ ಸುಮ್ಮನೆ ನಿಂತಿತು, ಮತ್ತೆ ಕೇಳಿದರು, ಮತ್ತೆ ಬೆಲ್ಲ ತಿನ್ನಿಸಿದರು. ನಮ್ಮ ಸರದಿ ಹತ್ತಿರ ಬಂತು. ಅವ್ವ ನನ್ನ ಕೈ ಬಿಟ್ಟು ಸೆರಗು ತಲೆ ಮೇಲೆ ಎಳೆದುಕೊಂಡಳು. ನಾನು ಇವತ್ತಿಗೂ ಬಸವಪ್ಪ ಕಂಡರೆ ಕೈ ಮುಗಿಯುತ್ತೇನೆ. ಆ ಮೂಕ ಪ್ರಾಣಿಯದ್ದೇನು ತಪ್ಪು? ಅದರ ಹಗ್ಗ ಹಿಡಿದವರ ಮೇಲೆ ನನಗೆ ಇವತ್ತಿಗೂ ಸಿಟ್ಟು.

ಅಷ್ಟರಲ್ಲಿ ಜನರನ್ನು ಸರಿಸಿಕೊಂಡು ದೊಡ್ಡಮ್ಮ ಬಂದಳು. ಹೆಗಲ ಮೇಲಿನ ಕಂಬಳಿ ತೆಗೆದು ನೆಲಕ್ಕೆ ಹಾಸಿದಳು. ಬಿಟ್ಟರೆ ಬಾಯಿಗೆ ಬಂದದ್ದು ಬೈಯುತ್ತಾಳೆ ಅಂತಲೇ ಎಲ್ಲರೂ ಅಂದುಕೊಂಡಿದ್ದರು. ಅವಳು ಆ ಕಂಬಳಿ ಮೇಲೆ ಯಜಮಾನರ ಕಾಲ ಮುಂದೆ ಉದ್ದಕ್ಕೂ ಬಿದ್ದುಬಿಟ್ಟಳು.

"ತಪ್ಪು ನಂದು ಯಜಮಾನ್ರೇ. ತಪ್ಪಾಯ್ತು ಅಂತೀನಿ, ಎಲ್ಲಾರ್ ಮುಂದೆ ಅಂತೀನಿ. ಗೋಮಾಳದ ಮಾತೂ ಎತ್ತಾಕಿಲ್ಲ. ನಂಗೆ ಯಾರ್ ಒತ್ತಿದ್ರು ಅಂತ ಮಾತ್ರ ಕೇಳ್ಬ್ಯಾಡಿ. ಇದ್ನ ಇಲ್ಲಿಗೇ ಬುಟ್ಬುಡಿ."

ಬಸವಪ್ಪ ಕಿವಿ ಬಡಿಯುತ್ತ ನಿಂತಿತ್ತು. ಯಜಮಾನರಿಗೆ ಬೇಕಾಗಿದ್ದದ್ದೂ ಅದೇ ಇರಬೇಕು, ಗಂಟಲು ಸರಿಮಾಡಿಕೊಂಡು "ಆಯ್ತು, ಏಳಮ್ಮಿ" ಅಂದರು. ಜನ ಚದುರಿದರು. ಅವಳು ಎದ್ದು ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡು ನಮ್ಮ ಮುಂದೆಯೇ ಹಾದು ಹೋದಳು. ಅವ್ವನ ಮುಖ ನೋಡಲಿಲ್ಲ. ನೋಡಿದ್ದರೆ ಅಲ್ಲಿದ್ದವರಿಗೆ ಗೊತ್ತಾಗಿಬಿಡುತ್ತಿತ್ತೋ ಏನೋ...

ತಪ್ಪು ಒಪ್ಪಿಕೊಂಡ ಮೇಲೆ ಹೊಲಗಳಿಗೆ ಮತ್ತೆ ಕರೆ ಬಂತು. ಆದರೆ ಮೇವಿಗೆ ಜಾಗವೇ ಇಲ್ಲದ ಮೇಲೆ ಕುರಿ ಎಷ್ಟು ದಿನ ಉಳಿದಾವು? ಒಂದೊಂದೇ ಮಾರಿದಳು. ಆಮೇಲೆ ಬಂದ ಜನವರಿ ಇಪ್ಪತ್ತಾರಕ್ಕೆ ಅವಳು ಕಾಂಪೌಂಡಿನ ಹತ್ತಿರ ಬರಲಿಲ್ಲ. ಮೇಷ್ಟ್ರು ಅದೇ ಭಾಷಣ ಮಾಡಿದರು, ಓಟಿನ ಮಾತು ಬಂದಾಗ ಮಾತ್ರ ಅವಸರದಲ್ಲಿ ಮುಗಿಸಿಬಿಟ್ಟರು. ಕೊನೆಗೆ ದೊಡ್ಡಮ್ಮ ಮಗಳ ಮನೆ ಅಂತ ಮಾಗಡಿ ಕಡೆಯ ಗುಡೇಮಾರನಹಳ್ಳಿಗೆ ಹೊರಟುಹೋದಳು. ಬಸ್ಸಿನ ಕಿಟಕಿಯಿಂದ ನನ್ನನ್ನು ನೋಡಿ, "ಓದವ್ವ, ಓದಿ ಮೇಷ್ಟ್ರಾಗು. ಆದ್ರೆ ಹೇಳಿದ್ ಮಾತ್ಗೆ ನಿಂತ್ಕೋ" ಅಂದಳು. ತಮಾಷೆಗೆ ಅಂದಳೋ ನಿಜಕ್ಕೂ ಅಂದಳೋ ತಿಳಿಯಲಿಲ್ಲ. ಅವಳು ತೀರಿಹೋದ ಸುದ್ದಿ ನಮಗೆ ತಿಳಿದದ್ದು ತಿಥಿಯೂ ಕಳೆದ ಮೇಲೆ. ಅವ್ವ ಅವತ್ತು ತಲೆಗೆ ನೀರು ಹಾಕಿಕೊಂಡಳು, ಸ್ವಂತದವರು ಸತ್ತರೆ ಮಾಡುವ ಹಾಗೆ. ಅಪ್ಪ ಯಾಕೆ ಅಂತ ಕೇಳಲಿಲ್ಲ.

ಇವತ್ತು ಶಾಲೆಯಲ್ಲಿ ನಾನೂ ಭಾಷಣ ಮಾಡಿದೆ. ಹಕ್ಕು, ಸ್ವಾತಂತ್ರ್ಯ, ಸಮಾನತೆ... ಮಕ್ಕಳು ಚಪ್ಪಾಳೆ ಹೊಡೆದರು. ಬಾಯಲ್ಲಿ ಹೇಳುವುದೇನು ಕಷ್ಟ? ಬಾವುಟ ಹಾರಿಸಲು ಬಂದ ಗಣ್ಯರಿಗೆಲ್ಲ ಶಾಲು ಹೊದಿಸಿದೆವು. ಓಟಿನ ಹಕ್ಕಿಗೋಸ್ಕರ ಊರ ಮುಂದೆ ಅಡ್ಡಬಿದ್ದ ಒಬ್ಬ ಹೆಂಗಸು ನನಗೆ ಗೊತ್ತಿದ್ದಳು, ಅವಳಿಗೆ ಯಾರೂ ಒಂದು ಹಾರ ಹಾಕಲಿಲ್ಲ. ನಮ್ಮೂರ ಗೋಮಾಳದಲ್ಲಿ ಈಗ ಯಾರದ್ದೋ ಸೈಟುಗಳು ಎದ್ದಿವೆ. ಮೆಂಬರನ್ನು ಇವತ್ತಿಗೂ ಬಸವಪ್ಪನೇ ಆರಿಸುತ್ತಾನೆ ಅಂತ ಊರಲ್ಲೇ ಇರುವ ನನ್ನ ತಮ್ಮ ಮೊನ್ನೆ ಫೋನಿನಲ್ಲಿ ಹೆಮ್ಮೆಯಿಂದ ಹೇಳಿದ. ಅವಳಾದ ಮೇಲೆ ನಮ್ಮೂರಲ್ಲಿ ಇನ್ನೊಬ್ಬರು ಎದುರು ನಿಂತಿಲ್ಲ.

ಮನೆಗೆ ಬಂದಾಗ ಅವ್ವ ಟೀವಿ ಮುಂದೆ ಕೂತು ಪೆರೇಡು ನೋಡುತ್ತಿದ್ದಳು. ಅಪ್ಪ ಹೋದ ಮೇಲೆ ನನ್ನ ಜೊತೆಗೇ ಇದ್ದಾಳೆ. ನಾನು ಪಕ್ಕದಲ್ಲಿ ಕೂತು, ಇಷ್ಟು ವರ್ಷ ನಾಲಿಗೆ ತುದಿಗೆ ಬಂದು ವಾಪಸ್ಸು ಹೋಗುತ್ತಿದ್ದದ್ದನ್ನು ಕೇಳಿಯೇ ಬಿಟ್ಟೆ. "ಅವ್ವ, ಈಗ ಅಪ್ಪನೂ ಇಲ್ಲ, ಯಜಮಾನರೂ ಇಲ್ಲ. ಅವತ್ತು ನೀನು ಯಾರಿಗೆ ಒತ್ತಿದ್ದೆ?"

ಅವ್ವ ಟೀವಿ ಬಿಟ್ಟು ನನ್ನ ಕಡೆ ತಿರುಗಿದಳು. ಕಣ್ಣು ತುಂಬಿಕೊಂಡಿತ್ತು, ಒರೆಸಿಕೊಳ್ಳಲಿಲ್ಲ.

"ಅದ್ನ ಯಾರೂ ಕೇಳ್ದಂಗಿರ್ಲಿ ಅಂತಲೇ ಆಯಮ್ಮ ಕಾಲಿಗ್ ಬಿದ್ದಿದ್ದು" ಅಂದಳು. "ನೀನ್ಯಾಕವ್ವ ಕೇಳ್ತೀಯೆ?"