ಸುಡಲೈಮುತ್ತು ಮುಗಿಸದ ಮನೆ

ಸುಡಲೈಮುತ್ತು ಮೇಸ್ತ್ರಿಯ ಬತ್ತಳಿಕೆಯಲ್ಲಿ ಬಾಣಗಳಿಗೆ ಬರವಿರಲಿಲ್ಲ. ಎಸ್ಟಿಮೇಟು, ಎಕ್ಸ್‌ಟ್ರಾ ಐಟಂ, ಡಿಫೆಕ್ಟು, ವೇರಿಯೇಷನ್ನು, ಹೀಗೆ ಒಂದೊಂದನ್ನೂ ಹೊತ್ತು ಗೊತ್ತು ನೋಡಿ ಬಿಡುತ್ತಿದ್ದ. ಮನೆ ಕಟ್ಟಿಸುವ ಯಜಮಾನಿ ದೇವರ ಗೂಡನ್ನು ಈ ಗೋಡೆಯಿಂದ ಆ ಗೋಡೆಗೆ ಹಾಕು ಎಂದರೆ, ಕರಣೆಯನ್ನು ಮೆಲ್ಲಗೆ ಕೆಳಗಿಟ್ಟು, ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡು, “ಅಮ್ಮಾ, ಇದು ವೇರಿಯೇಷನ್ನು” ಎನ್ನುತ್ತಿದ್ದ. ತನ್ನ ಮೈಯಲ್ಲಿ ಎಂಥದೋ ಕಾಯಿಲೆ ಹೊಕ್ಕಿದೆಯೆಂದು ಡಾಕ್ಟರು ಹೇಳಿದಂತಾಗಿ ಆ ತಾಯಿ ಗೂಡನ್ನು ಇದ್ದಲ್ಲೇ ಬಿಡುತ್ತಿದ್ದಳು. ಪಾಳಯಂಕೋಟೆಯಿಂದ ಅಂಬಾಸಮುದ್ರದವರೆಗೆ ಗಾರೆ ಕಲಸುವ ಕುಲದಲ್ಲಿ ಇಷ್ಟು ಇಂಗ್ಲಿಷನ್ನು ನಾಲಿಗೆಯ ಮೇಲೆ ಸಾಕಿಕೊಂಡವನು ಇನ್ನೊಬ್ಬನಿರಲಿಲ್ಲ.

ಈ ಅಸ್ತ್ರವಿದ್ಯೆಯನ್ನು ಅವನಿಗೆ ಯಾರೂ ಧಾರೆಯೆರೆದಿರಲಿಲ್ಲ. ತಾಯಿ ತಲೆಯ ಮೇಲೆ ಗಾರೆ ಬಾಂಡ್ಲಿ ಹೊತ್ತವಳು. ಹುಟ್ಟಿದ ಮಕ್ಕಳು ನಿಲ್ಲುತ್ತಿಲ್ಲವೆಂದು ಮಸಣ ಕಾಯುವ ಸುಡಲೈಮಾಡನಿಗೆ ಹರಕೆ ಹೊತ್ತು ಇವನನ್ನು ಉಳಿಸಿಕೊಂಡಿದ್ದಳು. ಉಳಿದವನು ಇಟ್ಟಿಗೆ ಹೊತ್ತ, ಸಿಮೆಂಟು ಕಲಸಿದ, ತೂಗುಗುಂಡು ಹಿಡಿದ, ಮೇಸ್ತ್ರಿಯಾದ. ಆಮೇಲೆ ಅರ್ಧ ಆಯುಷ್ಯವನ್ನು ಇಂಜಿನಿಯರ್ ಜೆಬಮಣಿಯ ಕೈಕೆಳಗೆ ಕಳೆದ. ಜೆಬಮಣಿ ಫೋನಿನಲ್ಲಿ ಗುಡುಗುತ್ತಿದ್ದ ಮಾತುಗಳನ್ನು ಕಿಟಕಿಯಾಚೆ ನಿಂತು ಕದ್ದದ್ದೇ ಅವನ ವಿದ್ಯಾಭ್ಯಾಸ.

ಕದ್ದ ಮಾಲಿನಲ್ಲಿ ಎಲ್ಲವೂ ನೆಟ್ಟಗಿರಲಿಲ್ಲ. ಬಿರುಗಾಳಿ, ಭೂಕಂಪಗಳಂಥ ತಡೆಯಲಾಗದ ಆಪತ್ತಿಗೆ ಕರಾರುಪತ್ರದಲ್ಲಿ ‘ಫೋರ್ಸ್ ಮಜೂರ್’ ಎಂದೇನೋ ಬರೆಯುತ್ತಾರೆ. ಸುಡಲೈಮುತ್ತುವಿನ ಪ್ರಕಾರ ಅದು ಮಜೂರರು ಕೈಕೊಡುವುದರ ಹೆಸರು. ಪೊಂಗಲ್ಲಿಗೆಂದು ಊರಿಗೆ ಹೋದ ಆಳುಗಳು ವಾರವಾದರೂ ತಿರುಗಿ ಬರದಿದ್ದರೆ, “ಫೋರ್ಸ್ ಮಜೂರ್ ಆಗ್ಬಿಟ್ಟಿದೆ, ನನ್ನ ಕೈಲಿಲ್ಲ” ಎಂದು ಆಕಾಶ ನೋಡುತ್ತಿದ್ದ. ಟೆಂಡರ್ ಎಂದರೆ ಎಳೆಯದು ಎಂದು ಯಾರೋ ಹೇಳಿಕೊಟ್ಟಿದ್ದರಿಂದ, ಎಳೆಯದಿರುವಾಗಲೇ ಕಿತ್ತುಕೊಳ್ಳಬೇಕು, ಬಲಿತರೆ ಬೇರೆಯವನ ಬಾಯಿಗೆ ಎಂದು ವ್ಯಾಖ್ಯಾನ ಮಾಡುತ್ತಿದ್ದ. ಒಂದೇ ಒಂದು ಪದ ಅವನಿಗೆ ತಪ್ಪಿಲ್ಲದೆ ತಿಳಿದಿತ್ತು: ಸಬ್ ಕಾಂಟ್ರಾಕ್ಟರ್. ಸಬ್ ಎಂದರೆ ಕೆಳಗೆ. ಪಾಯದ ಹಾಗೆ. ಮೇಲಿರುವುದೆಲ್ಲವನ್ನೂ ಹೊರುವುದು, ಯಾರ ಕಣ್ಣಿಗೂ ಬೀಳದಿರುವುದು. ಅವನು ಎಬ್ಬಿಸಿದ ಕಟ್ಟಡಗಳ ಮೇಲೆಲ್ಲ ಜೆಬಮಣಿಯ ಹೆಸರೇ ಇತ್ತು.

ಮೊಣಕಾಲು ಏಣಿಯೊಂದಿಗೆ ಮುನಿಸಿಕೊಳ್ಳತೊಡಗಿದ ಮೇಲೆ, ಸಾಯುವ ಮೊದಲು ಸರ್ಕಾರದ ಪಟ್ಟಿಯಲ್ಲಿ ತನ್ನ ಹೆಸರಿನಲ್ಲೇ ಕಾಂಟ್ರಾಕ್ಟರ್ ಆಗಬೇಕೆಂಬ ಹಟ ಅವನಿಗೆ ಹುಟ್ಟಿತು. ಅದಕ್ಕೆ ಬೇಕಾಗಿದ್ದು ಕಂಪ್ಲೀಷನ್ ಸರ್ಟಿಫಿಕೇಟು. ಸ್ವಂತ ಹೊಣೆಯಲ್ಲಿ ಒಂದು ಮಹಡಿ ಮನೆ ಕಟ್ಟಿ ಮುಗಿಸಿದ್ದಾನೆಂದು ಮನೆಯ ಯಜಮಾನ ರುಜು ಹಾಕಿಕೊಡಬೇಕು, ಕಚೇರಿಯವರು ಬಂದು ನೋಡಿ ಹೌದೆನ್ನಬೇಕು. ಅಷ್ಟು ಸಿಕ್ಕರೆ ಇವನು ಗುತ್ತಿಗೆದಾರ. ಈ ವರ್ಷ ಸಿಗದಿದ್ದರೆ ಮತ್ತೆ ಜೆಬಮಣಿಯ ಪಾಯ.

ಹಾಗೆ ಸಿಕ್ಕಿದ್ದು ವೀರಬಾಹು ಪಿಳ್ಳೆಯವರ ಮನೆ. ಎಳ್ಳೆಣ್ಣೆಯ ಸಗಟು ವ್ಯಾಪಾರ ಮಾಡಿ ಕೈಬಿಟ್ಟಿದ್ದ ಮುದುಕರು. ಗಾಣದ ಎತ್ತಿನಂತೆ ತಾಳ್ಮೆ, ಬೆಕ್ಕಿನಂತೆ ಭಯ. ಜೆಬಮಣಿಯ ದರ್ಪ ಸಹಿಸಲಾರದೆ ನೇರವಾಗಿ ಸುಡಲೈಮುತ್ತುವನ್ನೇ ಕರೆಸಿ ಕೆಲಸ ಕೊಟ್ಟಿದ್ದರು. ಕೆಳಮನೆಯಲ್ಲಿ ಹಾಲುಕ್ಕಿಸಿ, ಹೆಂಡತಿ ಕೋಮತಿ ಅಮ್ಮಾಳ್ ಜೊತೆ ವಾಸಕ್ಕೂ ಬಂದಿದ್ದರು. ಮೇಲ್ಮಹಡಿಯೂ ಎದ್ದಿತು. ಆದರೆ ಪಾಯದ ದಿನವೇ ತೊಡಕಿನ ಸೂಚನೆ ಸಿಕ್ಕಿತ್ತು. ಕಂಬ ಎಷ್ಟು ದಪ್ಪವಿರಬೇಕೆಂದು ವಿವರಿಸುತ್ತ ಸುಡಲೈಮುತ್ತು ‘ಡೆಡ್ ಲೋಡ್’ ಎಂಬ ಬಾಣ ಬಿಟ್ಟಿದ್ದ. ಪಿಳ್ಳೆ ‘ಡೆಡ್’ ಎಂದರೇನೆಂದು ಕೇಳಿ ತಿಳಿದುಕೊಂಡು, ಆ ದಿನದ ಕೆಲಸ ನಿಲ್ಲಿಸಿ, ಮನೆಗೆ ದೃಷ್ಟಿ ತೆಗೆಸಿದ್ದರು.

ಆ ಸೀಮೆಯಲ್ಲಿ ಮನೆ ‘ಮುಗಿಯಿತು’ ಎಂದು ಯಾವ ಮೇಸ್ತ್ರಿಯೂ ಹೇಳುವುದಿಲ್ಲ. ದೀಪ ಆರಿತು ಎನ್ನಬಾರದು, ಅಕ್ಕಿ ಖಾಲಿ ಎನ್ನಬಾರದು, ಹಾಗೆಯೇ ಮನೆ ಮುಗಿಯಿತು ಎನ್ನಬಾರದು. ‘ತುಂಬಿತು’ ಎನ್ನಬೇಕು. ಮನುಷ್ಯ ಮುಗಿಯುತ್ತಾನೆ, ಮನೆ ತುಂಬುತ್ತದೆ. ಇದು ಎಲ್ಲರಿಗೂ ಬಾಯಿಮಾತಿನ ಮಡಿ. ಪಿಳ್ಳೆಯವರಿಗೆ ಮಾತ್ರ ಪ್ರಾಣದ ಪ್ರಶ್ನೆ. ಅವರ ಅಪ್ಪ ಮನೆ ಮುಗಿಸಿದ ವರ್ಷ ಮುಗಿದಿದ್ದರು. ಅಣ್ಣನೂ ಹಾಗೇ. ಆದ್ದರಿಂದ ಮೇಲ್ಮಹಡಿಗೆ ಬಣ್ಣ ಬಳಿದಾದ ಮೇಲೆ ಅವರು ಮೆಟ್ಟಿಲು ಒಡೆಸಿ ಕಟ್ಟಿಸಿದರು. ಅದಾಯಿತೆಂದರೆ ಸಜ್ಜ. ಸಜ್ಜ ಆಯಿತೆಂದರೆ ಬಚ್ಚಲಿನ ಇಳಿಜಾರು.

ಸುಡಲೈಮುತ್ತು ಸರ್ಟಿಫಿಕೇಟಿನ ಮಾತೆತ್ತಿದ. ಪಿಳ್ಳೆ ಕಿವುಡರಾದರು. ಅವನು ‘ಸಬ್‌ಸ್ಟ್ಯಾನ್ಷಿಯಲ್ ಕಂಪ್ಲೀಷನ್’ ಎಂಬ ದಿವ್ಯಾಸ್ತ್ರ ಹೂಡಿ, ಬಹುಪಾಲು ಆಗಿದೆ ಎಂದಷ್ಟೇ ಅದರರ್ಥ ಎಂದ. ಹಾಗಾದರೆ ನಾನೂ ಬಹುಪಾಲು ಹೋಗಿಬಿಡುತ್ತೇನೆ ಎಂದರು ಪಿಳ್ಳೆ. ‘ಹ್ಯಾಂಡಿಂಗ್ ಓವರ್’ ಎಂದ. ಯಾರ ಕೈಗೆ ಒಪ್ಪಿಸುತ್ತೀಯೋ ಎಂದು ಕೇಳಿದರು. ‘ಡಿಫೆಕ್ಟ್ ಲಯಬಿಲಿಟಿ’ ಎಂದು, ರುಜು ಹಾಕಿದ ಮೇಲೂ ಒಂದು ವರ್ಷ ಏನು ಕೆಟ್ಟರೂ ಹೊಣೆ ತನ್ನದೇ ಎಂದು ಎದೆ ತಟ್ಟಿದ.

“ಲೇ ಸುಡಲೈ, ಗೋಡೆ ಬಿರುಕು ಬಿಟ್ರೆ ನೀನು ಮುಚ್ತೀಯ. ನನಗೆ ಬಿರುಕು ಬಿಟ್ರೆ?”

ಸುಡಲೈಮುತ್ತು ರುಜುವಿಗೆಂದು ತಂದಿದ್ದ ಕಾಗದವನ್ನು ಮಡಚಿ ಮತ್ತೆ ಜೇಬಿಗಿಟ್ಟುಕೊಂಡ.

ಐಪ್ಪಸಿ ತಿಂಗಳ ಮಳೆ ಹಿಡಿದಾಗ ಪಿಳ್ಳೆಯವರಿಗೆ ಎದೆನೋವು ಬಂತು. ಸುಡಲೈಮುತ್ತು ಆಸ್ಪತ್ರೆಗೆ ಹೋಗಿದ್ದು ನೋಡಿಕೊಂಡು ಬರಲು. ಕಾಗದ ಜೇಬಿನಲ್ಲಿದ್ದದ್ದು, ಅದು ಯಾವಾಗಲೂ ಅಲ್ಲೇ ಇರುತ್ತಿದ್ದುದರಿಂದ. ಅವನು ತೆಗೆಯಲಿಲ್ಲ. ಪಿಳ್ಳೆಯವರೇ ಕೈಚಾಚಿದರು. ಹೇಗೂ ಹೊರಟವನು, ನಿನ್ನ ಹೊಟ್ಟೆಯ ಮೇಲೆ ಯಾಕೆ ಕಲ್ಲು ಹಾಕಿ ಹೋಗಲಿ ಎಂದು, ಮಲಗಿದಲ್ಲೇ ರುಜು ಹಾಕಿದರು. ಸುಡಲೈಮುತ್ತು ವರಾಂಡದಲ್ಲಿ ನಿಂತು ಅತ್ತ. ದುಃಖ ಎಷ್ಟು, ಸಂತೋಷ ಎಷ್ಟು ಎಂದು ಅವನಿಗೇ ಎಸ್ಟಿಮೇಟು ಹಾಕಲಾಗಲಿಲ್ಲ. ಮಾರನೆಯ ದಿನವೇ ಕಚೇರಿಗೆ ಕೊಟ್ಟುಬಂದ.

ಪಿಳ್ಳೆ ಬದುಕಿಬಿಟ್ಟರು.

ಮನೆಗೆ ಬಂದವರು ಮೊದಲು ಕೇಳಿದ್ದು ಆ ಕಾಗದವನ್ನು. ಅದು ಕಚೇರಿ ಸೇರಿದೆಯೆಂದು ತಿಳಿದ ದಿನದಿಂದ ಮಹಡಿ ಹತ್ತಲಿಲ್ಲ, ಹೊಸ ಗೋಡೆಗೆ ಬೆನ್ನು ಕೊಡಲಿಲ್ಲ, ಊಟವನ್ನೂ ಬೀದಿಬಾಗಿಲ ಜಗಲಿಯ ಮೇಲೇ ಮಾಡಿದರು. ಸುಡಲೈಮುತ್ತುವನ್ನು ಬೈಯಲೂ ಇಲ್ಲ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಅವನ ಹೆಂಡತಿ ಇಸಕ್ಕಿಯಮ್ಮಾಳ್ ಮಾತ್ರ, ಕಚೇರಿಯವರು ಬಂದುಹೋಗುವ ಇದೊಂದು ಗಳಿಗೆ ಕಣ್ಣುಮುಚ್ಚಿಕೊಂಡು ದಾಟಿಬಿಡಿ ಎಂದು ದಿನವೂ ತಿವಿದಳು. ಮುದುಕರು ಹುಣಿಸೆಮರದ ಹಾಗೆ ನಿಲ್ಲುತ್ತಾರೆ, ಹೆದರಿಕೆ ಯಾರನ್ನೂ ಕೊಂದಿಲ್ಲ ಎಂದಳು.

ಕಚೇರಿಯಿಂದ ಪರಿಶೀಲನೆಗೆ ಬಂದವರು ಚೆನ್ನೈ ಕಡೆಯ ಹೊಸ ಅಧಿಕಾರಿ, ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕೆಳಗೆ ಮೇಲೆ ಓಡಾಡಿದರು. ಗೋಡೆ ತಟ್ಟಿದರು, ನಲ್ಲಿ ತಿರುಗಿಸಿದರು, ಮೆಚ್ಚಿದರು. ಸುಡಲೈಮುತ್ತು ಇಸ್ತ್ರಿ ಮಾಡಿದ ಪಂಚೆಯಲ್ಲಿ, ಹಣೆಗೆ ವಿಭೂತಿ ಬಳಿದು, ಪಟ್ಟಾಭಿಷೇಕಕ್ಕೆ ನಿಂತಂತೆ ಅಂಗಳದಲ್ಲಿ ನಿಂತಿದ್ದ. ಪಿಳ್ಳೆ ಜಗಲಿಯ ಕಂಬ ಹಿಡಿದಿದ್ದರು.

“ಮೇಸ್ತ್ರಿ, ಕೆಲಸ ಎಲ್ಲ ಮುಗಿದಿದೆ ತಾನೆ? ನೀವು ಬಾಯಿಬಿಟ್ಟು ಹೇಳ್ಬೇಕು, ನಾನು ಬರ್ಕೋಬೇಕು.”

“ತುಂಬಿದೆ ಮೇಡಂ.”

“ತುಂಬಿದೆ ಅಂದ್ರೇನ್ರೀ, ಇದೇನು ನೀರಿನ ಟ್ಯಾಂಕಾ? ಮುಗಿದಿದೆಯೋ, ಇಲ್ವೋ?”

ಸುಡಲೈಮುತ್ತು ಪಿಳ್ಳೆಯವರ ಕಡೆ ನೋಡಿದ. ಅವರು ಬೇಡವೆಂದು ಕೈಯಾಡಿಸಲಿಲ್ಲ, ತಲೆಯಾಡಿಸಲಿಲ್ಲ. ವಾರಗಟ್ಟಲೆ ಕ್ಷೌರವಿಲ್ಲದ ಮುಖದಲ್ಲಿ ಕಣ್ಣು ಮುಚ್ಚಿಕೊಂಡಿದ್ದರು, ಸೂಜಿ ಚುಚ್ಚಿಸಿಕೊಳ್ಳುವ ಮುನ್ನ ಮಕ್ಕಳು ಮುಚ್ಚಿಕೊಳ್ಳುವ ಹಾಗೆ. ಪದಗಳಿಗೆ ಬಲವಿದೆಯೆಂದು ನಂಬಿ ಬದುಕಿದವನು ಮೇಸ್ತ್ರಿ. ಒಂದು ‘ವೇರಿಯೇಷನ್ನು’ ದೇವರ ಗೂಡನ್ನು ತಡೆದು ನಿಲ್ಲಿಸಿದ್ದನ್ನು ಕಣ್ಣಾರೆ ಕಂಡವನು. ಈ ಒಂದು ಪದಕ್ಕೆ ಮಾತ್ರ ಬಲವಿಲ್ಲ ಎಂದು ಆ ಕ್ಷಣದಲ್ಲಿ ಅವನು ಹೇಗೆ ನಂಬಿಯಾನು? ಅದರಲ್ಲೂ ಮಸಣದ ದೇವರ ಹೆಸರು ಹೊತ್ತ ಬಾಯಿಯಿಂದ ಬರಬೇಕಾದದ್ದು.

“ಇಲ್ಲ ಮೇಡಂ,” ಎಂದ. “ಎದುರುಗಡೆ ತಾರಸಿಯ ಪ್ಯಾರಪೆಟ್ ಗೋಡೆ ಒಡೆದು ಎತ್ತರಿಸೋದು ಬಾಕಿ ಇದೆ.”

ಅಧಿಕಾರಿ ಅವನನ್ನೂ ಕಾಗದದ ಮೇಲಿನ ರುಜುವನ್ನೂ ನೋಡಿ, ಮುಗಿಯದ ಕೆಲಸಕ್ಕೆ ಯಾಕೆ ಅರ್ಜಿ ಹಾಕಿದಿರಿ ಎಂದು ಸಿಡುಕಿ, ಅದನ್ನು ತಿರಸ್ಕರಿಸಿ ಹೋದರು. ಕೋಮತಿ ಅಮ್ಮಾಳ್ ಒಂದು ಲೋಟ ಮಜ್ಜಿಗೆ ತಂದುಕೊಟ್ಟರು. ಪಿಳ್ಳೆ ಆ ದಿನ ಗೋಡೆಗೆ ಒರಗಿ ಕೂತರು. ಮನೆಗೆ ಬಂದವನಿಗೆ ಇಸಕ್ಕಿ, ಊರಿಗೆಲ್ಲ ಇಂಗ್ಲಿಷು ಉಗುಳುವ ಬಾಯಿಗೆ ನಮ್ಮ ಭಾಷೆಯ ಒಂದು ಮಾತು ಬರಲಿಲ್ಲವಲ್ಲ ಎಂದು ಹೇಳಿ, ತಟ್ಟೆಗೆ ಅನ್ನ ಬಡಿಸಿ, ಗೋಡೆ ಕಡೆ ತಿರುಗಿ ಮಲಗಿದಳು.

ಆಡಿದ ಸುಳ್ಳನ್ನು ನಿಜಮಾಡಲು ಅವನು ಮನೆಯೆದುರು ಬಿದಿರಿನ ಸಾರುವೆ ಕಟ್ಟಿಸಿ, ಚೆಂದವಾಗಿದ್ದ ಪ್ಯಾರಪೆಟ್ ಗೋಡೆಯನ್ನು ತಾನೇ ನಿಂತು ಒಡೆಸಿದ. ಪಿಳ್ಳೆ ಕೆಳಗಿನಿಂದ ನೋಡುತ್ತ, ನಿಧಾನವಾಗಲಿ, ಅವಸರವಿಲ್ಲ ಎನ್ನುತ್ತಿದ್ದರು. ಪೊಂಗಲ್ ಬರುವ ತೈ ತಿಂಗಳವರೆಗೆ ಎಳೆಯಬಹುದು ಎಂದು ಲೆಕ್ಕ ಹಾಕಿಕೊಂಡಿದ್ದರು. ಅದಕ್ಕೆ ಒಂದು ತಿಂಗಳ ಮೊದಲೇ, ಮಾರ್ಗಳಿ ಹುಟ್ಟಿದ ವಾರ, ಬೆಳಗ್ಗೆ ಕಾಫಿ ಲೋಟ ಕೈಯಲ್ಲಿರುವಾಗಲೇ ಹೋಗಿಬಿಟ್ಟರು. ಗೋಡೆ ಅರ್ಧಕ್ಕೆ ಒಡೆದಿತ್ತು. ಮನೆ ಮುಗಿದಿರಲಿಲ್ಲ.

ಸಾವಿಗೆ ಬಂದ ನೆಂಟರು ತಲೆಯೆತ್ತಿ ಆ ಒಡೆದ ಗೋಡೆ ನೋಡಿದರು. ವಾಸವಿರುವ ಮನೆಯ ನೆತ್ತಿ ಒಡೆಸಿದ್ದಕ್ಕೇ ಹೀಗಾಯಿತು, ಯಾವನವನು ಮೇಸ್ತ್ರಿ ಎಂದು ಪಿಸುಗುಟ್ಟಿದರು. ಮುಗಿಸಿದ್ದರೂ ಅವನೇ, ಮುಗಿಸದಿದ್ದರೂ ಅವನೇ. ಸುಡಲೈಮುತ್ತು ಕೇಳಿಸಿಕೊಂಡು ಬಾವಿಕಟ್ಟೆಯ ಬಳಿ ನಿಂತಿದ್ದ. ಕೋಮತಿ ಅಮ್ಮಾಳ್ ಒಳಗಿದ್ದರು. ಅವರ ಕಡೆ ನೋಡಲು ಅವನಿಗೆ ಧೈರ್ಯವಾಗಲಿಲ್ಲ.

ಚಟ್ಟಕ್ಕೆ ಹಸಿಬಿದಿರು ತರಲು ಹೋದವನು ಬರಲಿಲ್ಲ. ಹೊತ್ತು ಇಳಿಯುತ್ತಿತ್ತು. ಯಾರೋ ಹಿರಿಯರು ಸಾರುವೆಯ ಕಡೆ ಬೆರಳು ತೋರಿಸಿದರು. ಮೇಸ್ತ್ರಿ ಹಗ್ಗ ಬಿಚ್ಚಿ, ನೆಟ್ಟಗಿದ್ದ ಎರಡು ಬಿದಿರುಗಳನ್ನು ಆರಿಸಿ, ಅಡ್ಡಪಟ್ಟಿ ಇಟ್ಟು ಕಟ್ಟಿದ. ಬೇರೆಯವರು ಕೈಹಾಕಲು ಬಂದರೆ ಬಿಡಲಿಲ್ಲ. ಗಂಟು ಬಿಗಿದು, ಮೊಣಕಾಲಿನಿಂದ ಒತ್ತಿ, ಮನುಷ್ಯನ ಭಾರ ತಡೆಯುತ್ತದೆಯೇ ಎಂದು ನೋಡಿದ.

“ಆಯ್ತೇನಪ್ಪಾ?” ಎಂದರು ಆ ಹಿರಿಯರು. “ಹೊತ್ತಾಗ್ತಿದೆ, ಮುಗೀತಾ?”

“ಮುಗೀತು ಅಣ್ಣಾಚ್ಚಿ,” ಎಂದ ಸುಡಲೈಮುತ್ತು.

ಹೆಣ ಎತ್ತಿದ ಮೇಲೆ ಅಂಗಳದಲ್ಲಿ ಬಿದ್ದಿದ್ದ ಹಗ್ಗದ ತುಂಡುಗಳನ್ನು ಸುತ್ತಿಟ್ಟು, ಕೈ ತೊಳೆದುಕೊಂಡು, ಮೆರವಣಿಗೆಯ ಕೊನೆಗೆ ನಡೆದ. ಮುಂದಿನ ಸೋಮವಾರ ಜೆಬಮಣಿಯ ಹೊಸ ಸೈಟಿನಲ್ಲಿ ಅವನನ್ನು ಕಂಡವರಿದ್ದಾರೆ. ಪಾಯದ ಗುಂಡಿಯೊಳಗೆ ಇಳಿದು ನಿಂತಿದ್ದ. ಮೇಲಿನಿಂದ ಜೆಬಮಣಿ ಇಂಗ್ಲಿಷಿನಲ್ಲಿ ಏನೋ ಕೂಗಿದ. ಸುಡಲೈಮುತ್ತು ತಲೆಯೆತ್ತದೆ, ಆಗಲಿ ಎಂದ.