ಸೊನ್ನೆ ಹಾಕಿದ ತುಂಡುಗಳು

ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಜಮೀನಿನ ನಕ್ಷೆಗಳನ್ನು ಕಂಪ್ಯೂಟರಿಗೆ ಇಳಿಸುವ ಕೆಲಸಕ್ಕಿದ್ದೆ. ಮನೆ ಡೊಂಬಿವಲಿಯಲ್ಲಿ, ಕಚೇರಿ ಬೇಲಾಪುರದಲ್ಲಿ. ಬೆಳಗ್ಗೆ ಲೋಕಲ್‌ನ ಲೇಡೀಸ್ ಡಬ್ಬಿಯಲ್ಲಿ ಒಂದೇ ಕಾಲಿನ ಮೇಲೆ ನಿಂತು ಠಾಣೆ, ಅಲ್ಲಿಂದ ಬಸ್ಸು. ಕುರ್ಚಿಯಲ್ಲಿ ಕೂರುವ ಹೊತ್ತಿಗೇ ಅರ್ಧ ದಿನದ ತ್ರಾಣ ಮುಗಿದಿರುತ್ತಿತ್ತು.

ಸರ್ಕಾರಿ ಕಚೇರಿಯೊಂದು ಸುತ್ತಲಿನ ಹಳ್ಳಿಗಳ ಹಳೆಯ ನಕ್ಷೆಗಳನ್ನು ನಮ್ಮ ಸಣ್ಣ ಕಂಪನಿಗೆ ಒಪ್ಪಿಸಿತ್ತು. ನಕ್ಷೆಯನ್ನು ಇಳಿಜಾರಾದ ದೊಡ್ಡ ಹಲಗೆಯ ಮೇಲೆ ಟೇಪು ಹಚ್ಚಿ ಕೂರಿಸಿ, ಮೌಸಿನಂಥ ಒಂದು ಉಪಕರಣವನ್ನು ಹೊಲದ ಗಡಿಯ ಪ್ರತಿ ತಿರುವಿಗೂ ತಂದು ಗುಂಡಿ ಒತ್ತುತ್ತಾ ಹೋಗಬೇಕು. ಸುತ್ತಿ ಬಂದು ಹೊರಟ ಜಾಗಕ್ಕೇ ಸೇರಿದರೆ ಪರದೆಯ ಮೇಲೆ ಒಂದು ಹೊಲ ಆಯಿತು. ಅದರ ನಡುವೆ ಸರ್ವೆ ನಂಬರು ಬರೆದು ಮುಂದಿನ ಹೊಲಕ್ಕೆ. ಸಂಜೆಗೆ ಮಣಿಕಟ್ಟು ಬಿಗಿದುಕೊಳ್ಳುತ್ತಿತ್ತು, ಕಣ್ಣು ಮುಚ್ಚಿದರೂ ಗೆರೆಗಳೇ ಓಡುತ್ತಿದ್ದವು.

ತೊಡಕಾಗುತ್ತಿದ್ದದ್ದು ತುಂಡಾದ ಹೊಲಗಳಲ್ಲಿ. ಒಬ್ಬರದೇ ಜಮೀನು, ಒಂದೇ ನಂಬರು. ಆದರೆ ನಡುವೆ ರಸ್ತೆಯೋ ನಾಲೆಯೋ ಹಾದುಹೋಗಿ ಎರಡು ಕಡೆ ಬಿದ್ದಿರುತ್ತಿತ್ತು. ಪರದೆಯ ಮೇಲೆ ಅವು ಎರಡು ಬೇರೆ ಆಕಾರಗಳು. ಎರಡಕ್ಕೂ ಅದೇ ನಂಬರು ಕೊಟ್ಟರೆ ತಪಾಸಣೆಯ ಪ್ರೋಗ್ರಾಮು ಅದನ್ನು ತಪ್ಪು ಎಂದು ಪಟ್ಟಿ ಮಾಡುತ್ತಿತ್ತು. ತಪ್ಪಿನ ಪಟ್ಟಿ ಖಾಲಿಯಾಗದೆ ಶೀಟು ಕಳಿಸುವಂತಿರಲಿಲ್ಲ.

ನಮ್ಮ ಸೂಪರ್‌ವೈಜರು ವಿಜಯಪುರದ ಕಡೆಯವರು, ವಿಠ್ಠಲವಾಡಿಯಿಂದ ಬರುತ್ತಿದ್ದರು. ನಾನು ಕನ್ನಡದವಳೆಂದು ತಿಳಿದ ದಿನದಿಂದ ತಂಗೀ ಎಂದೇ ಕರೆಯುತ್ತಿದ್ದರು. ದಾರಿ ತೋರಿಸಿದ್ದು ಅವರೇ.

"ದೊಡ್ಡ ತುಂಡಿಗೆ ನಂಬರ್ ಕೊಡು ತಂಗೀ, ಸಣ್ಣದಕ್ಕ ಸೊನ್ನಿ ಹಾಕು. ಆಮ್ಯಾಲ ನೋಡೂಣು."

ಆಮೇಲೆ ಯಾರೂ ನೋಡಲಿಲ್ಲ. ಸೊನ್ನೆಯನ್ನು ತಪಾಸಣೆ ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ, ನಾನು ಹಾಕುತ್ತಾ ಹೋದೆ. ಮೊದಮೊದಲು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳುತ್ತಿದ್ದೆ, ಆಮೇಲೆ ಅದನ್ನೂ ಬಿಟ್ಟೆ. ಎಷ್ಟು ಹೊತ್ತಿಗೆ ಶೀಟು ಮುಗಿಯುತ್ತದೆ, ಯಾವ ಬಸ್ಸು ಸಿಗುತ್ತದೆ ಎಂಬುದೊಂದೇ ತಲೆಯಲ್ಲಿ.

ಒಂದು ಮಧ್ಯಾಹ್ನ ಊಟದ ಡಬ್ಬಿ ಮುಚ್ಚುತ್ತಿದ್ದಾಗ ವಾಚ್‌ಮನ್ ಒಬ್ಬ ಅಜ್ಜಿಯನ್ನು ಕರೆತಂದ. ಖಾರಘರದ ಬೆಟ್ಟದ ಬುಡದ ಹಳ್ಳಿಯವಳು. ಮೊಣಕಾಲಿಗೆ ಎತ್ತಿ ಕಟ್ಟಿದ ಕಚ್ಚೆ ಸೀರೆ, ಕೈಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಮಡಚಿಟ್ಟ ಕಾಗದ. ಸರ್ಕಾರಿ ಕಚೇರಿಯಲ್ಲಿ ಯಾರೋ ಬೇಸತ್ತು, ನಕ್ಷೆ ಮಾಡಿದವರು ಅಲ್ಲಿ ಕೂತಿದ್ದಾರೆ, ಅವರನ್ನೇ ಕೇಳು ಎಂದು ಅಟ್ಟಿದ್ದರಂತೆ. ನನಗೆ ಮರಾಠಿ ಚೆನ್ನಾಗಿ ಬರುತ್ತದೆಂದು ನನ್ನ ಮುಂದೆ ಕೂರಿಸಿದರು.

ಅವಳು ಹೇಳಿದ್ದಿಷ್ಟು. ರಸ್ತೆ ಅಗಲ ಮಾಡಲು ಯಾರ ಯಾರ ಜಮೀನು ಹೋಗುತ್ತದೆಂದು ಹಳ್ಳಿಯಲ್ಲಿ ಪಟ್ಟಿ ಅಂಟಿಸಿದ್ದರು. ಅವಳ ಹೆಸರು ಅದರಲ್ಲಿ ಇರಲಿಲ್ಲ. ಮೊದಲು ನೆಮ್ಮದಿಯೇ ಆಯಿತು. ಆದರೆ ರಸ್ತೆಯಾಚೆ ಅವಳದೊಂದು ತುಂಡಿತ್ತು, ಬಾವಿಯಿದ್ದ ತುಂಡು. ಅದರ ಸುತ್ತ ಸುಣ್ಣದ ಗೆರೆ ಬಿತ್ತು. ಗೆರೆ ಹಾಕಿದವರನ್ನು ಕೇಳಿದರೆ, ಇದಕ್ಕೆ ನಂಬರೇ ಇಲ್ಲ, ವಾರಸುದಾರರಿಲ್ಲದ ಜಾಗ, ಆದ್ದರಿಂದ ಯಾರಿಗೂ ನೋಟಿಸು ಕೊಡಬೇಕಿಲ್ಲ ಎಂದರು.

ಅವಳ ಕಾಗದದಲ್ಲಿ ಎರಡೂ ತುಂಡು ಒಂದೇ ನಂಬರಿನಡಿ ಇದ್ದವು. ನಾನು ಶೀಟು ತೆರೆದೆ. ರಸ್ತೆಯ ಈಚೆ ಅವಳ ನಂಬರು, ಆಚೆ ಸೊನ್ನೆ. ಕಡತದ ಕೆಳಗೆ, ಕೆಲಸ ಮಾಡಿದವರ ಜಾಗದಲ್ಲಿ, ನನ್ನ ಹೆಸರಿನ ಎರಡಕ್ಷರ.

ಹಳೆಯ ನಕ್ಷೆಯಲ್ಲೇ ಹಾಗಿತ್ತು ಎಂದುಬಿಡಬಹುದಿತ್ತು. ಅವಳಿಗೆ ಗೊತ್ತಾಗುತ್ತಿರಲಿಲ್ಲ. ಹೇಳಬೇಕೆಂದೇ ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಪರದೆಯ ಹತ್ತಿರ ಬಗ್ಗಿ, ಗಾಜು ಮುಟ್ಟದೆ ಬೆರಳು ಓಡಿಸುತ್ತಾ, ಇಲ್ಲಿ ಗಡಿ ಯಾಕೆ ಒಳಗೆ ಬಾಗಿದೆ ಗೊತ್ತೇ, ಮಾವ ಪಕ್ಕದ ಹೊಲದವರಿಗೆ ಒಂದು ಹುಣಸೆಮರ ಬಿಟ್ಟುಕೊಟ್ಟಿದ್ದ ಎಂದು ಹೇಳತೊಡಗಿದಳು. ಆ ಬಾಗು ನನಗೆ ನೆನಪಿತ್ತು. ಅಲ್ಲಿ ಎರಡು ಸಲ ಕೈ ತಪ್ಪಿ ಮತ್ತೆ ಮಾಡಿದ್ದೆ.

"ಆಜೀ, ಈ ಸೊನ್ನೆ ಹಾಕಿದ್ದು ನಾನು," ಎಂದೆ.

ಅವಳು ನನ್ನ ಮುಖ ನೋಡಿದಳು. ಸಿಟ್ಟಾಗಲಿಲ್ಲ. "ನೀನಾ? ಯಾಕೆ ಪೋರಿ?" ಎಂದು ಕೇಳಿದಳು, ನಿಜಕ್ಕೂ ಕಾರಣ ತಿಳಿಯಬೇಕೆಂಬಂತೆ.

ಕಾರಣ ಹೇಳಲು ನೋಡಿದೆ. ಮರಾಠಿಯಲ್ಲಿ ಹೇಳುತ್ತಾ ಹೋದಂತೆ ಅದು ನನಗೇ ಕಾರಣವೆನಿಸಲಿಲ್ಲ.

ಸೂಪರ್‌ವೈಜರು ನನ್ನನ್ನು ಪಕ್ಕಕ್ಕೆ ಕರೆದು ಬೈದರು. ಶೀಟು ಕಳಿಸಿ ಆಗಿದೆ, ಈಗ ತಪ್ಪು ಒಪ್ಪಿಕೊಂಡರೆ ಇಡೀ ಕೆಲಸ ವಾಪಸು ಬರುತ್ತದೆ, ನಮ್ಮೆಲ್ಲರ ನೌಕರಿ ಹೋಗುತ್ತದೆ ಎಂದರು. ವಾದಿಸುವ ಶಕ್ತಿ ನನಗಿರಲಿಲ್ಲ. ಮರುದಿನದಿಂದ ಕಚೇರಿ ಮುಗಿದ ಮೇಲೆ ಒಂದು ತಾಸು ಕೂತು ಹಳೆಯ ಶೀಟುಗಳನ್ನು ಒಂದೊಂದಾಗಿ ತೆರೆದೆ. ಪ್ರತಿ ಸೊನ್ನೆಯ ತುಂಡನ್ನೂ ಕಾಗದದ ನಕ್ಷೆಯಲ್ಲಿ ಹುಡುಕಬೇಕು. ಅದರಲ್ಲಿ ಎರಡು ತುಂಡು ಸೇರಿಸಿ ಎಳೆದ ಸಣ್ಣ ಕೊಂಡಿಯಂಥ ಗುರುತಿರುತ್ತಿತ್ತು. ಅದನ್ನು ಹಿಡಿದು ಮೂಲ ನಂಬರು ಪತ್ತೆ ಮಾಡಬೇಕು. ಎರಡೂ ತುಂಡಿಗೆ ಬೇರೆ ಬೇರೆ ಗುರುತಿನ ಸಂಖ್ಯೆ ಕೊಟ್ಟು, ಪಕ್ಕದ ಇನ್ನೊಂದು ಕಾಲಮ್ಮಿನಲ್ಲಿ ಸರ್ವೆ ನಂಬರು ಬರೆದರೆ ತಪಾಸಣೆಯೂ ಸುಮ್ಮನಿರುತ್ತದೆ, ಹೊಲವೂ ಒಂದಾಗಿರುತ್ತದೆ. ಇಷ್ಟು ಸುಲಭದ ಉಪಾಯ ಮೊದಲೇ ಯಾಕೆ ಹೊಳೆಯಲಿಲ್ಲವೆಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ದಣಿದವರು ಉಪಾಯ ಹುಡುಕುವುದಿಲ್ಲ, ಅಷ್ಟೇ.

ಮೂರನೆಯ ವಾರ ಸೂಪರ್‌ವೈಜರು ಕುರ್ಚಿ ಎಳೆದುಕೊಂಡು ಪಕ್ಕ ಬಂದು ಕೂತರು. ನಾನು ತಿದ್ದುತ್ತಿದ್ದ ಶೀಟಿನ ಮೇಲೆ ಬಗ್ಗಿದರು.

"ನಮ್ಮಪ್ಪನ ಹೊಲಾನೂ ಕೆನಾಲ್ ಬಂದು ಎರಡಾಗೇತಿ," ಎಂದರು. "ಆಚೀಕಡಿದಕ್ಕ ಯಾರ್ ಏನ್ ಹಾಕ್ಯಾರೋ." ಆಮೇಲೆ ಅರ್ಧ ಶೀಟುಗಳನ್ನು ತಮ್ಮ ಕಡೆ ಎಳೆದುಕೊಂಡರು.

ತಿದ್ದಿದ ನಕ್ಷೆಗಳನ್ನು 'ಸುಧಾರಿತ ಆವೃತ್ತಿ' ಎಂಬ ಹೆಸರಿನಲ್ಲಿ ಕಳಿಸಿದೆವು. ಆ ಹೆಸರು ಕೊಟ್ಟವರೂ ಅವರೇ. ಯಾರೂ ಏನೂ ಕೇಳಲಿಲ್ಲ.

ಮಳೆ ಮುಗಿದ ಮೇಲೆ ಅಜ್ಜಿ ಮತ್ತೆ ಬಂದಳು. ಈ ಸಲ ಪ್ಲಾಸ್ಟಿಕ್ ಚೀಲದಲ್ಲಿ ಹೊಸ ಕಾಗದವಿತ್ತು. ಓದಲು ಕೊಟ್ಟಳು. ರಸ್ತೆಯಾಚೆಯ ತುಂಡು ಅವಳ ಹೆಸರಿಗೆ ಬಂದಿತ್ತು. ಅದನ್ನು ರಸ್ತೆಗೆ ತೆಗೆದುಕೊಳ್ಳುವುದಾಗಿ, ಏನಾದರೂ ಹೇಳುವುದಿದ್ದರೆ ಬಂದು ಹೇಳಬೇಕೆಂದು ಅದೇ ಹೆಸರಿಗೆ ನೋಟಿಸು. ಓದಿ ಮುಗಿಸಿ ಕಾಗದವನ್ನು ಮತ್ತೆ ಮಡಚಿದೆ. ಇಷ್ಟೆಲ್ಲ ಮಾಡಿ ಅವಳ ಕೈಗೆ ಸಿಕ್ಕಿದ್ದು ಇದು.

"ಬಾವಿ ಉಳಿಯುವುದಿಲ್ಲ ಆಜೀ," ಎಂದೆ.

"ಗೊತ್ತು," ಎಂದಳು. "ಹೋಗುವುದಾದರೆ ನನ್ನದೇ ಅಂತ ಹೋಗಲಿ. ದಿಕ್ಕಿಲ್ಲದ್ದರ ಹಾಗೆ ಯಾಕೆ ಹೋಗಬೇಕು?"

ವಿಚಾರಣೆಗೆ ಹೋಗುತ್ತೇನೆ, ಹುಣಸೆಮರದ ವಿಷಯವನ್ನೂ ಹೇಳುತ್ತೇನೆ ಎಂದಳು. ಅಲ್ಲಿ ಯಾರು ಕೇಳಿಸಿಕೊಂಡರೋ ತಿಳಿಯದು. ಮುಂದಿನ ಬೇಸಿಗೆಯಲ್ಲಿ ಆ ದಾರಿಯಲ್ಲಿ ಬಸ್ಸಿನಲ್ಲಿ ಹೋದಾಗ ಎರಡೂ ಬದಿ ಕೆಂಪು ಮಣ್ಣು ಅಗೆದುಹಾಕಿದ್ದರು, ಬಾವಿ ಎಲ್ಲಿತ್ತೆಂದು ಗುರುತು ಸಿಗಲಿಲ್ಲ.

ಅವಳು ನೋಟಿಸು ತಂದ ಆ ದಿನ ಅವಳನ್ನು ಕೆಳಗೆ ಬಸ್‌ಸ್ಟಾಪಿನ ತನಕ ಬಿಟ್ಟುಬಂದೆ. ಮೇಲೆ ಬಂದಾಗ ಕಲ್ಯಾಣ ತಾಲೂಕಿನ ನಕ್ಷೆಗಳ ಹೊಸ ಕಟ್ಟು ಮೇಜಿನ ಮೇಲಿತ್ತು. ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡು ಮೊದಲನೆಯದನ್ನು ಬಿಚ್ಚಿದೆ.