ಮೆಲ್ಲಗೆ ಮಾತಾಡಿಸಿದಾಕಿ

"ಅಕ್ಕಾ, ಸಿಂಧನೂರ ಬಸ್ ಹೋತೇನ್ರೀ?"

ಮಸ್ಕಿ ಬಸ್ ಸ್ಟ್ಯಾಂಡಿನಲ್ಲಿ ಬಾಜೂಕ ಕುಳಿತ ಹೆಣ್ಣುಮಗಳು ಮೆಲ್ಲಗೆ ಕೇಳಿದಾಗ ನಾನು ತಟ್ಟನೆ ಆಕೆಯತ್ತ ತಿರುಗಿದೆ. ತಲೆ ಮೇಲೆ ಸೆರಗು ಹೊದ್ದಿದ್ದೆ. ಕಿವಿ ಹಿಂದೆ ಎಲುಬಿಗೆ ಕೂಡಿಸಿದ, ಕೇಳಿಸಿಕೊಳ್ಳುವ ಯಂತ್ರ ಆಕೆಗೆ ಕಂಡಿರಲಿಲ್ಲ. ಅದಕ್ಕೇ ಎಲ್ಲರನ್ನೂ ಕೇಳುವಂತೆ ನನ್ನನ್ನೂ ಕೇಳಿದ್ದಳು.

"ಇನ್ನಾ ಬಂದಿಲ್ಲವ್ವಾ, ಕೂಡು" ಎಂದೆ. ತುರ್ವಿಹಾಳದಲ್ಲಿ ಬಸುರಿ ತಂಗಿಯ ಕುಬುಸದ ಕಾರ್ಯ, ಹಸಿರು ಬಳೆ ಒಯ್ಯುತ್ತಿದ್ದೇನೆ ಎಂದು ಬಸ್ ಬರುವತನಕ ಮಾತಾಡಿದಳು.

ಎಷ್ಟೋ ವರ್ಷ ನಾನು ಕಿವುಡಿಯಾಗಿದ್ದೆ. ಆಪರೇಷನ್ ಆದಮೇಲೆ ಹಾಲು ಉಕ್ಕುವ ಸಪ್ಪಳವೂ ಕೇಳುತ್ತದೆ. ಆದರೆ ಲಿಂಗಸುಗೂರಿನ ನಮ್ಮ ಮನೆಯಲ್ಲಿ ಹಳೆಯ ರೂಢಿ ಹೋಗಿಲ್ಲ. ತಮ್ಮತಮ್ಮಲ್ಲಿ ನಕ್ಕು ಮಾತಾಡುತ್ತಾರೆ, ನನಗೆ ಮಾತ್ರ ಕೈಸನ್ನೆ. ಅವತ್ತೂ ನಾನು ಮನೆ ಮುಟ್ಟಿದ ಕೂಡಲೇ ಗಂಡ ಹೆಬ್ಬೆರಳನ್ನು ಬಾಯಿಗೆ ಹಿಡಿದು ತೋರಿಸಿದರು. ನೀರು ಕೊಟ್ಟೆ. "ಬಾಯಿ ಬಿಟ್ಟು ಕೇಳ್ರಿ, ನನಗ ಈಗ ಕೇಳಸ್ತೈತಿ" ಅಂದೆ. ಅವರು ಅದಕ್ಕೂ ತಲೆಯನ್ನಷ್ಟೇ ಆಡಿಸಿದರು.

ಈಗ ಮಸ್ಕಿಗೆ ಹೋದಾಗ ಲಿಂಗಸುಗೂರ ಬಸ್ ಬಂದರೂ ಒಂದೆರಡು ಬಿಟ್ಟುಬಿಡುತ್ತೇನೆ. ತಲೆ ತುಂಬ ಸೆರಗು ಹೊದ್ದು ಅದೇ ಬೆಂಚಿನ ಮೇಲೆ ಕೂಡುತ್ತೇನೆ, ಯಾರಾದರೂ ಏನಾದರೂ ಕೇಳಲಿ ಎಂದು.